ನಲವತ್ಮೂರು ನಿಗೊರಿಬೆಗಳು

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಿಗೊರಿಬೆ ಕನ್ಸಾಕು ಅವರು ಮನೆ ಬಾಗಿಲ ಪಕ್ಕದ ನಾಮಫಲಕವನ್ನು ಉಜ್ಜುತ್ತಿದ್ದರು. ಕೈಯಲ್ಲಿ ಸವೆದ ಹಲ್ಲುಜ್ಜುವ ಬ್ರಷ್ಷು, ಕಾಲ ಬಳಿ ಬೆಚ್ಚಗಿನ ನೀರಿನ ಡಬರಿ. ಮೊದಲು ಅಕ್ಷರಗಳ ಸಂದಿಯ ಧೂಳು, ಆಮೇಲೆ ಅಂಚು, ಕೊನೆಗೆ ಒಣ ಬಟ್ಟೆ. ಈ ಕೆಲಸ ಮಾಡುವಾಗ ಅವರು ಮಾತಾಡುತ್ತಿರಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಹೆಂಡತಿ ಕಿನುಯೆಯೂ ಮಾತಾಡುತ್ತಿರಲಿಲ್ಲ. ಆಕೆಯ ಮೌನಕ್ಕೆ ಕಾರಣ ಭಕ್ತಿಯಲ್ಲ. ಎಣ್ಣೆ ಹಿಡಿದ ಅಡುಗೆಮನೆಯ ಫ್ಯಾನನ್ನು ಒಂದು ಸಲ ಉಜ್ಜಿಕೊಡಿ ಎಂದು ಎರಡು ವರ್ಷ ಕೇಳಿ, ಈಗ ಕೇಳುವುದನ್ನೇ ಬಿಟ್ಟಿದ್ದಳು.

ಅಮಾಗಸಾಕಿಯ ಆ ಓಣಿಯಲ್ಲಿ ಹದಿನಾಲ್ಕು ಮನೆಗಳು. ಅದರಲ್ಲಿ ತನಕಾಗಳು ಮೂರು, ಯಮಾಮೊತೊಗಳು ಎರಡು. ನಿಗೊರಿಬೆ ಮಾತ್ರ ಒಂದೇ. ಇಡೀ ಜಪಾನಿನಲ್ಲೇ ಆ ಮನೆತನದ ಹೆಸರಿನವರು ನಲವತ್ಮೂರು ಜನ ಎಂದು ಎಂಟು ವರ್ಷದ ಹಿಂದೆ ಪತ್ರಿಕೆಯೊಂದರ ಮೂಲೆಯಲ್ಲಿ ಬಂದಿತ್ತು. ಆ ತುಂಡು ಪ್ಲಾಸ್ಟಿಕ್ ಕವರಿನೊಳಗೆ ಕನ್ಸಾಕು ಅವರ ಕೋಟಿನ ಜೇಬಿನಲ್ಲಿ ಸದಾ ಇರುತ್ತಿತ್ತು. ಹಲ್ಲಿನ ಡಾಕ್ಟರ ಬಳಿ ಹೋದಾಗಲೂ ಬಾಯಿ ತೆರೆಯುವ ಮೊದಲು ಅವರು ಅದನ್ನೇ ತೆರೆದು ತೋರಿಸುತ್ತಿದ್ದರು.

ಟೀವಿಯ ಮೇಲ್ಗಡೆ ಗೋಡೆಗೆ ಜಪಾನಿನ ನಕಾಶೆ ಅಂಟಿಸಿತ್ತು. ಟೆಲಿಫೋನ್ ಪುಸ್ತಕಗಳನ್ನು ತಿರುವಿ ಹಾಕಿ, ಸಿಕ್ಕ ಪ್ರತಿಯೊಬ್ಬ ನಿಗೊರಿಬೆಗೂ ಅವರು ಒಂದೊಂದು ಕೆಂಪು ಗುಂಡುಪಿನ್ನು ಚುಚ್ಚಿದ್ದರು. ತಮ್ಮ ಮನೆಯ ಮೂವರನ್ನೂ ಸೇರಿಸಿ ಹದಿನಾಲ್ಕು ಪಿನ್ನು. ಹೊಕ್ಕೈದೋದಲ್ಲಿ ನಾಲ್ಕು ಇದ್ದವು. ಪ್ರತಿ ಹೊಸವರ್ಷಕ್ಕೂ ಆ ಎಲ್ಲರಿಗೂ ಶುಭಾಶಯದ ಕಾರ್ಡು ಹೋಗುತ್ತಿತ್ತು. ಹೊಕ್ಕೈದೋದಿಂದ ಒಂದು ಸಲ ಉತ್ತರವೂ ಬಂತು: 'ದಯವಿಟ್ಟು ಇನ್ನು ಮುಂದೆ ಕಳಿಸಬೇಡಿ.' ಕನ್ಸಾಕು ಅವರು ಅದಕ್ಕೆ ಚೌಕಟ್ಟು ಹಾಕಿಸಿದರು. ಮಿಕ್ಕ ಇಪ್ಪತ್ತೊಂಬತ್ತು ಜನ ಎಲ್ಲಿದ್ದಾರೆಂಬುದು ಮಾತ್ರ ಬಗೆಹರಿದಿರಲಿಲ್ಲ. ಬಗೆಹರಿಯದಿರಲು ಕಾರಣವೂ ಇತ್ತು. ಇಂಥ ಹೆಸರಿನವರು ಕೋಟೆ ಕೊತ್ತಲಗಳಿದ್ದ ಊರಿನಲ್ಲಲ್ಲದೆ ಬೇರೆಲ್ಲಿರುತ್ತಾರೆ ಎಂದು ಅವರು ಕೋಟೆಯ ಊರುಗಳ ಟೆಲಿಫೋನ್ ಪುಸ್ತಕಗಳನ್ನಷ್ಟೇ ಹುಡುಕಿದ್ದರು.

"ಏನ್ ಸ್ವಾಮಿ, ನಿಮ್ಮ ದೇವರಿಗೆ ಅಭಿಷೇಕ ಆಯ್ತಾ?" ಎಂದು ಪಕ್ಕದ ಮನೆಯ ಯೊನೆದಾ-ಸಾನ್ ಓಣಿಯ ಸುತ್ತೋಲೆ ಹಿಡಿದು ಬಂದಳು. ಆಕೆ ವಿಧವೆ. ಓಣಿಯ ಸುದ್ದಿಯನ್ನು ಸುತ್ತೋಲೆಗಿಂತ ಬೇಗ ಹಂಚುತ್ತಿದ್ದಳು.

"ಶತ್ರುಗಳು ದಾಟಬಾರದು ಅಂತ ಹೊಳೆ ದಡ ಕಾಯ್ತಿದ್ದ ದಂಡನಾಯಕರ ಹೆಸರು ಇದು, ಯೊನೆದಾ-ಸಾನ್. ಧೂಳು ಕೂತ್ರೆ ನೋಡೋಕಾಗುತ್ತಾ?"

"ಹೋದ ತಿಂಗಳು ದೊರೆಗಳ ಕುದುರೆ ನೋಡ್ಕೊಳ್ತಿದ್ದೋರು ಅಂದಿದ್ರಲ್ಲ?"

"ಕುದುರೆ ಮೇಲೆ ಕೂತೇ ದಡ ಕಾಯ್ತಿದ್ರು."

ಇಂಥ ದಂಡನಾಯಕರ ವಂಶದವರು ಮಾಡುತ್ತಿದ್ದ ಉದ್ಯೋಗವೆಂದರೆ ರೈಲು ಕಂಪನಿಯೊಂದರಲ್ಲಿ ಕಳೆದುಹೋದ ವಸ್ತುಗಳ ಕೌಂಟರು. ಇಪ್ಪತ್ತಾರು ವರ್ಷದಿಂದ ಜನ ಮರೆತು ಹೋದ ಕೊಡೆ, ಟೋಪಿ, ಊಟದ ಡಬ್ಬಿ, ಒಂದು ಸಲ ಒಂದು ಕೃತಕ ಕಾಲು, ಎಲ್ಲಕ್ಕೂ ಚೀಟಿ ಅಂಟಿಸಿ ಇಡುತ್ತಿದ್ದರು. ಬಂದವರು "ಇದು ನಂದು" ಎಂದು ಹೇಳಿ, ಮೊಹರೊತ್ತಿ, ತೆಗೆದುಕೊಂಡು ಹೋಗಬೇಕು. "ಒಮ್ಮೆ ಮೊಹರು ಬಿದ್ದ ಮೇಲೆ ವಾಪಸ್ ಇಲ್ಲ" ಎಂಬ ಬೋರ್ಡನ್ನು ಅವರೇ ಬರೆದು ತಗುಲಿಸಿದ್ದರು.

ಆ ಚಳಿಗಾಲದಲ್ಲಿ ಒಬ್ಬಳೇ ಮಗಳು ಚಿಗುಸಾಳ ಮದುವೆ ಮಾತು ಬಂತು. ಹುಡುಗ ಹಿರೋಮು ಸಭ್ಯ, ಹಲ್ಲು ನೆಟ್ಟಗಿದ್ದವು, ಕೆಲಸವೂ ಇತ್ತು. ಒಂದೇ ಐಬು. ಅವನು ಸಾತೋ.

ಇಷ್ಟೊಂದು ಸಾತೋಗಳಿರುವ ದೇಶದಲ್ಲಿ ಇನ್ನೊಬ್ಬ ಸಾತೋನನ್ನು ಸೃಷ್ಟಿಸಲು ತಮ್ಮ ಮಗಳನ್ನು ಕೊಡುವುದೆಂದರೆ ಕನ್ಸಾಕು ಅವರಿಗೆ ಸಮುದ್ರಕ್ಕೆ ಉಪ್ಪು ಸುರಿದ ಹಾಗೆ. ಮಗಳು ಹೆಸರು ಬದಲಿಸಿದರೆ ತಮ್ಮ ಮನೆಯ ನಿಗೊರಿಬೆ ತಮ್ಮೊಂದಿಗೇ ಮುಗಿಯಿತು. ಹುಡುಗನ ತಂದೆ ಮಾತುಕತೆಗೆ ಬಂದ ದಿನ ಅವರು ಬೆನ್ನು ನೆಟ್ಟಗೆ ಮಾಡಿ ಕೂತು, "ನಮ್ಮದು ಒಂದೇ ಷರತ್ತು. ಅಳಿಯಂದ್ರು ನಮ್ಮ ಹೆಸರಿಗೆ ಬರಬೇಕು," ಎಂದರು.

ಚಾಪೆ ಹೆಣೆಯುವ ಅಂಗಡಿ ನಡೆಸುತ್ತಿದ್ದ ಸಾತೋ ಅವರು ದಪ್ಪ ಬೆರಳುಗಳಲ್ಲಿ ಸಿಹಿಯ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

"ಅದಕ್ಕೇನಂತೆ ಬೀಗರೇ, ಆಗ್ಲಿ. ನಂಗೆ ಮೂರು ಗಂಡು. ಒಬ್ಬ ಸಾತೋ ಕಮ್ಮಿ ಆದ್ರೆ ದೇಶಕ್ಕೆ ಗೊತ್ತಾಗುತ್ಯೇ? ರೈಲಲ್ಲಿ 'ಸಾತೋ' ಅಂತ ಕೂಗಿ ನೋಡಿ, ಅರ್ಧ ಬೋಗಿ ಎದ್ದು ನಿಲ್ಲುತ್ತೆ."

ಹಿರೋಮು ತಲೆಯಾಡಿಸಿದ. ಚಿಗುಸಾ ಟೀ ಬಗ್ಗಿಸಿದಳು. ಎಲ್ಲವೂ ಅಲ್ಲಿಗೇ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು ಸಾತೋ ಅವರು. "ನಮ್ಮಮ್ಮಂಗೆ ತೊಂಬತ್ತೆರಡು. ಮೊಮ್ಮಗ ಸೇರೋ ಮನೆಯೋರ ಸಮಾಧಿ ಎಲ್ಲಿದೆ ಅಂತ ಮೊದಲು ಅದನ್ನೇ ಕೇಳ್ತಾರೆ. ಏನ್ ಹೇಳ್ಲಿ?"

ಕನ್ಸಾಕು ಅವರಿಗೆ ಕೆಮ್ಮು ಬಂತು. ಅವರ ತಂದೆಯ ಅಸ್ಥಿ ಇದ್ದದ್ದು ರೈಲು ನಿಲ್ದಾಣದ ಹಿಂದಿನ ಕಟ್ಟಡದ ಮೂರನೆಯ ಮಹಡಿಯಲ್ಲಿ, ಗಾಜಿನ ಬಾಗಿಲಿನ ಒಂದು ಪುಟ್ಟ ಗೂಡಿನಲ್ಲಿ. ಕೆಳಗಿನ ಮಹಡಿಯಲ್ಲಿ ಕೇಶಾಲಂಕಾರದ ಅಂಗಡಿ. ಅಜ್ಜ ಎಲ್ಲಿಂದ ಬಂದನೆಂಬುದು ಅವರಿಗೂ ಗೊತ್ತಿರಲಿಲ್ಲ.

"ಮೂಲ ಸಮಾಧಿ... ಹಳೇ ಪ್ರಾಂತ್ಯದಲ್ಲಿದೆ."

"ಯಾವ ಪ್ರಾಂತ್ಯ?"

"ಪಶ್ಚಿಮದ್ದು."

"ಹಾಗಾದ್ರೆ ಮದುವೆಗೆ ಮುಂಚೆ ಒಂದ್ಸಲ ಹೋಗಿ ಕೈಮುಗಿದು ಬರೋಣ. ಸಮಾಧಿ ನೋಡಿದ ಮೇಲೆ ಹುಡುಗನ ಹೆಸರು ಬದಲಾಯಿಸೋಣ. ನೋಡದೆ ಹ್ಞೂಂ ಅಂದ್ರೆ ನಮ್ಮಮ್ಮ ನನ್ನನ್ನ ಮನೆಯೊಳಗೆ ಬಿಟ್ಕೊಳ್ಳಲ್ಲ."

ಬೀಗರು ಹೋದ ಮೇಲೆ ಕಿನುಯೆ ಬಟ್ಟಲುಗಳನ್ನು ಎತ್ತುತ್ತಾ ಅಂದಳು: "ಪಶ್ಚಿಮ ಅಂದ್ರೆ ಎಲ್ರೀ? ಅಡುಗೆಮನೆನೂ ಪಶ್ಚಿಮಕ್ಕೇ ಇರೋದು."

ಕನ್ಸಾಕು ಅವರು ರಜೆ ಹಾಕಿ ಗ್ರಂಥಾಲಯದಲ್ಲಿ ಕೂತರು. ನಾಲ್ಕನೆಯ ದಿನ, ಅವರ ನಿಟ್ಟುಸಿರು ಕೇಳಿ ಕೇಳಿ ಬೇಸತ್ತ ಗ್ರಂಥಪಾಲಕಿ ಸರ್ಕಾರಿ ಗೆಜೆಟ್ಟಿನ ಹಳೆಯ ಕಟ್ಟೊಂದನ್ನು ತಂದು ಮುಂದಿಟ್ಟು, "ನೀವು ಹುಡುಕ್ತಿರೋ ಹೆಸರು ಇಲ್ಲೊಂದು ಕಡೆ ಇದೆ ನೋಡಿ," ಎಂದಳು. ತಮ್ಮ ಹೆಸರನ್ನು ಸರ್ಕಾರದ ಅಚ್ಚಿನಲ್ಲಿ ಕಂಡದ್ದೇ ಅವರು ಕಟ್ಟನ್ನು ಎತ್ತಿಕೊಂಡು ನಕಲು ಯಂತ್ರದ ಕಡೆ ನಡೆದರು. ಪುಟವನ್ನು ಯಂತ್ರದ ಮೇಲಿಟ್ಟು ನಕಲು ತೆಗೆದರು. ಕಾಗದ ಚಿಕ್ಕದು, ಮೇಲಿನ ಅರ್ಧ ಬರಲಿಲ್ಲ. ಸರ್ಕಾರದ ಕಾಗದಗಳಲ್ಲಿ ಮೇಲಿನ ಅರ್ಧ ಬರೀ ಪೀಠಿಕೆಯೆಂದು ಬಲ್ಲ ಅವರು ಅದರ ಗೊಡವೆಗೆ ಹೋಗಲಿಲ್ಲ. ಕೆಳಗಿನ ಅರ್ಧ ಹೀಗಿತ್ತು:

'ನಿಗೊರಿಬೆ ಮನೆತನದ ಹಕ್ಕುದಾರರು ಈ ಪ್ರಕಟಣೆಯ ದಿನದಿಂದ ಒಂದು ವರ್ಷದೊಳಗೆ ಖುದ್ದಾಗಿ ಬಂದು ತಮ್ಮ ಹಕ್ಕನ್ನು ತಿಳಿಸತಕ್ಕದ್ದು. ತಪ್ಪಿದಲ್ಲಿ ವಾರಸುದಾರರಿಲ್ಲವೆಂದು ತೀರ್ಮಾನಿಸಲಾಗುವುದು. ಒಸೊದಾನಿ ಕಣಿವೆ, ತೊತ್ತೊರಿ.'

ವರ್ಷ ಮುಗಿಯಲು ಹತ್ತು ದಿನ ಬಾಕಿ.

ಆ ನಕಲನ್ನು ಕನ್ಸಾಕು ಅವರು ಮೊದಲು ತೋರಿಸಿದ್ದು ಯೊನೆದಾ-ಸಾನ್‌ಗೆ. ಸೋಮವಾರ ಓಣಿಯಲ್ಲಿ ಅದು ಒಂದು ತುಂಡು ಜಮೀನಾಗಿತ್ತು. ಬುಧವಾರಕ್ಕೆ ಗುಡ್ಡವಾಯಿತು. ಗುರುವಾರ ಗುಡ್ಡದಿಂದ ಬಿಸಿನೀರಿನ ಬುಗ್ಗೆ ಎದ್ದಿತು. ಶುಕ್ರವಾರ ಸಂಜೆ ಮೀನಿನಂಗಡಿಯವನು ಕಿನುಯೆಗೆ ಕೆಂಪುಮೀನಿನ ಒಳ್ಳೆಯ ಭಾಗವನ್ನು ಕತ್ತರಿಸಿ ಕೊಟ್ಟು, "ಕೋಟೆಗೆ ಹೋದ ಮೇಲೆ ನಮ್ಮನ್ನ ಮರೀಬೇಡಿ ತಾಯಿ," ಎಂದ.

"ಕಂದಕ ಇದೆಯಂತಲ್ಲ?" ಯೊನೆದಾ-ಸಾನ್ ಬೇಲಿಯ ಮೇಲಿಂದ ಕೇಳಿದಳು.

"ಕಂದಕ ಇದ್ರೂ ಇರಬಹುದು," ಎಂದರು ಕನ್ಸಾಕು ಅವರು ವಿನಯದಿಂದ.

"ರೀ, ಆ ಮೇಲಿನ ಅರ್ಧದಲ್ಲಿ ಏನಿತ್ತು ಅಂತ ಒಂದ್ಸಲ ಹೋಗಿ ನೋಡಬಾರದಾ?" ಎಂದಳು ಕಿನುಯೆ.

"ನಿನಗೆ ಸರ್ಕಾರದ ಭಾಷೆ ಅರ್ಥವಾಗಲ್ಲ."

ಭಾನುವಾರ ಐದು ಜನ ಒಸೊದಾನಿಗೆ ಹೊರಟರು. ಕನ್ಸಾಕು ಅವರು ಕಪ್ಪು ಸೂಟು ಹಾಕಿ, ನೂರು ವಿಸಿಟಿಂಗ್ ಕಾರ್ಡು ಹೊಸದಾಗಿ ಅಚ್ಚುಹಾಕಿಸಿಕೊಂಡಿದ್ದರು. ಕಿನುಯೆ ಅನ್ನದುಂಡೆ ಕಟ್ಟಿಕೊಂಡಿದ್ದಳು. ಸಾತೋ ಅವರು ಕೋಟೆಯ ಕೋಣೆಗಳಿಗೆ ಎಷ್ಟು ಚಾಪೆ ಬೇಕಾದೀತೆಂದು ಅಳೆಯಲು ಟೇಪನ್ನೇ ತಂದಿದ್ದರು. ಎರಡು ರೈಲು ಬದಲಿಸಿ, ಕೊನೆಗೆ ಒಂದು ಪುಟ್ಟ ಬಸ್ಸು ಹತ್ತಿದರು. ಚಾಲಕನ ಸೀಟಿನ ಮೇಲಿನ ಫಲಕದಲ್ಲಿ ಹೆಸರಿತ್ತು: ನಿಗೊರಿಬೆ.

ಎಂಟು ವರ್ಷದಲ್ಲಿ ಮೊದಲ ಬಾರಿಗೆ ತಮ್ಮ ಮನೆಯ ಹೊರಗೆ ಜೀವಂತ ನಿಗೊರಿಬೆಯನ್ನು ಕಂಡ ಕನ್ಸಾಕು ಅವರ ಕಣ್ಣು ತುಂಬಿತು. ಎರಡೂ ಕೈಯಲ್ಲಿ ಕಾರ್ಡು ಹಿಡಿದು, ಬಾಗಿ, "ನಾನು ನಿಗೊರಿಬೆ," ಎಂದರು.

ಚಾಲಕ ಕನ್ನಡಿಯಲ್ಲಿ ನೋಡಿದ. "ಹ್ಞಾಂ. ಯಾವ ಮನೆ?"

"ನಿಗೊರಿಬೆ ಮನೆ."

"ಅದು ಸರಿ, ಯಾವ ಮನೆ ಅಂದೆ. ಕೂತ್ಕೊಳ್ಳಿ, ತಿರುವು ಬರ್ತಿದೆ."

ಬಸ್ಸಿಳಿದರೆ ಅಂಚೆ ಕಚೇರಿಯವಳು ನಿಗೊರಿಬೆ. ತೋಫು ಮಾರುವವನು ನಿಗೊರಿಬೆ. ಬಾಗಿಲ ಪಕ್ಕದ ಫಲಕಗಳೆಲ್ಲ ನಿಗೊರಿಬೆ, ಒಂದನ್ನೂ ಯಾರೂ ಉಜ್ಜಿರಲಿಲ್ಲ. ಕನ್ಸಾಕು ಅವರು ಕೊಟ್ಟ ಕಾರ್ಡನ್ನು ತೋಫುವಿನವನು ತಿರುಗಿಸಿ ಮುರುಗಿಸಿ ನೋಡಿ, "ಇಲ್ಲಿ ನಾಯಿ ಒಂದು ಬಿಟ್ರೆ ಎಲ್ರೂ ಅದೇ ಕಣ್ರೀ. ಈ ಹೆಸರು ಬರೆದು ಕಾಗದ ಹಾಕಿದ್ರೆ ಯಾರಿಗೂ ತಲುಪಲ್ಲ. ಮನೆ ಹೆಸರಲ್ಲೇ ಕರೆಯೋದು. ನಾನು ಬಿದಿರುಮೂಲೆ. ಅವಳು ಬಾವಿಕೆಳಗೆ. ಅಲ್ಲಿ ಕೂತಿರೋನು ಹೊಸಮನೆ," ಎಂದ.

ಹೊಸಮನೆಯಾತನಿಗೆ ಎಂಬತ್ತರ ಮೇಲಾಗಿತ್ತು. ಅವನ ಮನೆಯ ಸೂರು ಅವನಿಗಿಂತ ಇನ್ನೂರು ವರ್ಷ ಹಿರಿಯದಾಗಿ ಕಾಣುತ್ತಿತ್ತು.

ಸಾತೋ ಅವರು ಮೆಲ್ಲಗೆ, "ಬೀಗರೇ, ನಮ್ಮ ಸಾತೋಗಳಿಗೂ ಇಷ್ಟೊಂದು ಕಿಕ್ಕಿರಿದು ಅಭ್ಯಾಸವಿಲ್ಲ," ಎಂದರು.

ಸುದ್ದಿ ಹಬ್ಬಿ, ಕಣಿವೆಯ ಇಪ್ಪತ್ತೊಂಬತ್ತು ಜನವೂ ಊರಿನ ಸಭಾಮನೆಯಲ್ಲಿ ಸೇರಿದರು. ಎಲ್ಲರಿಗಿಂತ ಹಿರಿಯಳು ತೊಮೆ ಅಜ್ಜಿ. ಬೆನ್ನು ಬಾಗಿತ್ತು, ನಾಲಿಗೆ ಬಾಗಿರಲಿಲ್ಲ. ಆಕೆ ಕನ್ಸಾಕು ಅವರ ಸುತ್ತ ಒಂದು ಸುತ್ತು ಹಾಕಿ, ಅವರ ಕಿವಿ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಯ್ಯೋ, ಇದು ಕೊನೆಮನೆ ಕಿವಿ! ಮೇಲೆ ಮಡಚಿ, ಕೆಳಗೆ ತಟ್ಟೆ ಥರ. ನಿಮ್ಮಜ್ಜ ಈ ಕಿವಿ ಹೊತ್ಕೊಂಡೇ ಹಡಗು ಕಟ್ಟೋ ಕೆಲಸಕ್ಕೆ ಅಂತ ಹೋದೋನು, ತಿರುಗಿ ನೋಡ್ಲಿಲ್ಲ."

ಗುಂಪಿನಲ್ಲಿ ಒಂದು ಗುಜುಗುಜು ಎದ್ದಿತು. "ಕೊನೆಮನೆಯೋರು ಬಂದ್ರಂತೆ, ಕೊನೆಮನೆಯೋರು ಬಂದ್ರಂತೆ." ಎಲ್ಲರ ಮುಖದಲ್ಲೂ ಎಂಥದೋ ಹಗುರ. ಯಾರೋ ಕನ್ಸಾಕು ಅವರ ಕೆಳಗೆ ಎರಡನೆಯ ದಿಂಬು ಇಟ್ಟರು. ಯಾರೋ ಉಪ್ಪಿನಕಾಯಿ ತಂದರು.

"ನಮ್ಮ ಮನೆತನ ದಂಡನಾಯಕರದ್ದು ಅಲ್ವಾ ಅಜ್ಜಿ? ಹೊಳೆ ದಡ ಕಾಯ್ತಿದ್ದೋರು?"

"ಕಾಯೋದಾ? ಎಲ್ರೂ ಹೆಸರಿಟ್ಕೋಬೇಕು ಅಂತ ಸರ್ಕಾರ ಹೊಸ ಕಾನೂನು ಮಾಡಿತ್ತಂತೆ. ಬರ್ಕೊಳ್ಳೋಕೆ ಅಧಿಕಾರಿ ಬಂದ ದಿನ ಭಾರಿ ಮಳೆ. ಹೊಳೆ ರಾಡಿ ತುಂಬಿ ಹರೀತಿತ್ತು, ದಾಟೋಕಾಗ್ದೆ ಆ ದಡದಲ್ಲೇ ನಿಂತ. ನಮ್ಮೋರು ಈ ದಡದಲ್ಲಿ. 'ನಿಮ್ ಹೆಸರೇನ್ರೋ' ಅಂತ ಕೂಗಿದ. ಯಾರಿಗೂ ಹೆಸರಿಲ್ಲ. 'ನಿಗೊರಿಬೆ, ರಾಡಿ ದಂಡೆಯೋರು ಅಂತ ಎಲ್ರಿಗೂ ಒಂದೇ ಬರ್ಕೊಳ್ತೀನಿ, ನಂಗೆ ಹಸಿವು' ಅಂದ. ಅಷ್ಟೇ ಕಣಪ್ಪ ಕಥೆ. ನಿಮ್ಮನೆಯೋರು ಆಗ್ಲೂ ಲೇಟಾಗಿ ಬಂದ್ರಂತೆ, ಕೊನೇಲಿ ಬರ್ಕೊಂಡ."

ಸಾತೋ ಅವರು ಕೈಯಲ್ಲಿದ್ದ ಟೇಪನ್ನು ಜೇಬಿನೊಳಗೆ ಇಳಿಸಿದರು. ಚಿಗುಸಾ ತುಟಿ ಕಚ್ಚಿ ನಗು ತಡೆದಳು. ಕನ್ಸಾಕು ಅವರ ಕಿವಿ, ಕೊನೆಮನೆಯ ಆ ಪ್ರಸಿದ್ಧ ಕಿವಿ, ತುದಿಯವರೆಗೆ ಕೆಂಪಾಯಿತು. ಇಂಥ ಹೊತ್ತಿನಲ್ಲಿ ಬೇರೆಯವರಾದರೆ ಬಸ್ಸಿನ ವೇಳೆ ಕೇಳುತ್ತಿದ್ದರು. ಅವರು ಮಾತ್ರ ಎದ್ದು ನಿಂತು, ಜೇಬಿನಿಂದ ಗೆಜೆಟ್ಟಿನ ನಕಲನ್ನು ತೆಗೆದು ಎತ್ತಿ ಹಿಡಿದರು.

"ಅದೇನೇ ಇರಲಿ, ಸರ್ಕಾರವೇ ನಮ್ಮನ್ನ ಕರೆದಿದೆ. ನಾನು ನಮ್ಮ ಹಕ್ಕು ಹೇಳೋಕೆ ಬಂದಿದೀನಿ!"

ಸಭೆಯ ಮೂಲೆಯಿಂದ ತೆಳ್ಳಗಿನ ಪುರೋಹಿತ ರ್ಯೋಕಾನ್ ತಟ್ಟನೆ ಎದ್ದು ಬಂದ. ಅವನ ಕೈಯಲ್ಲಿ ಕಾಗದ, ಶಾಯಿಯ ಡಬ್ಬಿ ಎರಡೂ ಸಿದ್ಧವಾಗಿದ್ದವು.

"ನಾಳೆ ಸಂಜೆಗೆ ಗಡುವು ಮುಗೀತಿತ್ತು. ಒಂದು ವರ್ಷದಿಂದ ಕಾಯ್ತಿದೀನಿ. ಅದು ನಿಮ್ಮದು ಅಂತ ನೀವು ಒಪ್ಕೊಳ್ತೀರಾ?"

"ಒಪ್ಕೊಳ್ಳೋದೇನು, ಎಲ್ಲಾ ನಮ್ಮದೇ! ಒಂದಿಂಚೂ ಬಿಟ್ಟುಕೊಡಲ್ಲ!"

"ಅಪ್ಪ, ಮೊದಲು ಓದಿ," ಎಂದಳು ಚಿಗುಸಾ.

ಕನ್ಸಾಕು ಅವರ ಮೊಹರು ಅಷ್ಟರಲ್ಲಿ ಬಿದ್ದಿತ್ತು. ಇಪ್ಪತ್ತೊಂಬತ್ತು ನಿಗೊರಿಬೆಗಳು ಚಪ್ಪಾಳೆ ತಟ್ಟಿದರು. ಕನ್ಸಾಕು ಅವರ ಜೀವನದಲ್ಲಿ ಅಷ್ಟು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಪುರೋಹಿತ ಎಲ್ಲರನ್ನೂ ಗುಡ್ಡ ಹತ್ತಿಸಿದ. ಗುಡ್ಡ ನಿಜವಾಗಿಯೂ ಇತ್ತು, ಯೊನೆದಾ-ಸಾನ್ ಅಷ್ಟರ ಮಟ್ಟಿಗೆ ಸುಳ್ಳು ಹೇಳಿರಲಿಲ್ಲ. ಮೇಲೆ ಎದೆಮಟ್ಟದ ಹುಲ್ಲು. ಹುಲ್ಲಿನ ನಡುವೆ ಪಾಚಿ ಹಿಡಿದ ಕಲ್ಲುಗಳು, ಕೆಲವು ಮಗುಚಿ ಬಿದ್ದು, ಒಂದು ಬಿದಿರಿಗೆ ಸಿಕ್ಕಿ ಸೀಳಿ. ಮುಂಭಾಗದಲ್ಲಿ ಮರದ ಹಲಗೆಯೊಂದನ್ನು ನೆಟ್ಟಿತ್ತು. ಕಿನುಯೆ ಅದನ್ನು ಗಟ್ಟಿಯಾಗಿ ಓದಿದಳು: "'ವಾರಸುದಾರರಿಲ್ಲದ ಸಮಾಧಿಗಳ ತೆರವಿನ ಬಗ್ಗೆ.' ರೀ, ನಿಮ್ಮ ಮೇಲಿನ ಅರ್ಧ ಇಲ್ಲಿದೆ."

"ಎಲ್ಲಾ ಕೊನೆಮನೆಯೋರದ್ದೇ, ಮೂವತ್ತೇಳು ಸಮಾಧಿ," ಎಂದ ಪುರೋಹಿತ. "ಗುಡ್ಡ ಕುಸಿಯದ ಹಾಗೆ ಇಲ್ಲಿ ಗೋಡೆ ಕಟ್ತಾರೆ. ಯಾರೂ ಬರದಿದ್ರೆ ನಾಳೆ ಸಂಜೆ ನಾನೇ ಒಂದು ಮಂತ್ರ ಹೇಳಿ, ಎಲ್ಲ ಅಸ್ಥಿನೂ ದೇವಾಲಯದ ಸಾಮೂಹಿಕ ದಿಬ್ಬದಲ್ಲಿ ಇಟ್ಟು ಮುಗಿಸ್ತಿದ್ದೆ. ನೀವು ಬಂದ್ರಿ. ಇನ್ನು ಎಲ್ಲ ನಿಮ್ಮ ಪದ್ಧತಿ ಪ್ರಕಾರ. ಬೇರೆ ಜಾಗಕ್ಕೆ ಸಾಗಿಸೋದು, ವರ್ಷಕ್ಕೆ ಮೂರು ಸಲ ಕಳೆ ಕೀಳೋದು, ಪೂಜೆ. ನಿಮ್ಮ ಕಾಲ ಆದ ಮೇಲೆ ನಿಮ್ಮ ಹೆಸರಿಗೆ ಬಂದೋರು."

ಎಲ್ಲರೂ ಹಿರೋಮುವಿನ ಕಡೆ ತಿರುಗಿದರು. ಹಿರೋಮು ಸೀಳಿದ ಕಲ್ಲನ್ನು ನೋಡುತ್ತಿದ್ದ. ನೆಟ್ಟಗಿನ ಹಲ್ಲುಗಳು ಎಲ್ಲೂ ಕಾಣಲಿಲ್ಲ.

ಸಾತೋ ಅವರು ಗಂಟಲು ಸರಿಮಾಡಿಕೊಂಡರು. "ಬೀಗರೇ, ನಮ್ಮಮ್ಮ ಒಂದು ಸಮಾಧಿ ಇದ್ಯಾ ಅಂತ ಕೇಳಿದ್ರು. ಮೂವತ್ತೇಳು ಅಂದ್ರೆ ಅವರಿಗೆ ಎದೆ ಒಡೀಬಹುದು. ಯೋಚನೆ ಮಾಡಿದ್ರೆ, ದೇಶದಲ್ಲಿ ಸಾತೋಗಳು ಅಷ್ಟೇನೂ ಜಾಸ್ತಿ ಇಲ್ಲ ಅನ್ಸುತ್ತೆ."

"ಅಪ್ಪ, ನಾನೇ ಸಾತೋ ಆಗ್ತೀನಿ," ಎಂದಳು ಚಿಗುಸಾ. ಮೆತ್ತಗೆ ಹೇಳಿದಳು, ಆದರೆ ಹೇಳಿಬಿಟ್ಟಳು.

"ಕಿನುಯೆ, ನೀನಾದರೂ..."

"ನಾನು ಹುಟ್ಟಿದ್ದು ಮೊರಿಟಾ ಮನೇಲಿ. ಇಪ್ಪತ್ತಾರು ವರ್ಷ ಕೌಂಟರಲ್ಲಿ ಕೂತು ಊರಿಗೆಲ್ಲ ಹೇಳಿದ್ರಲ್ಲ, ನಂದು ಅಂದೋನು ಮೊಹರೊತ್ತಿ ಎತ್ಕೊಂಡು ಹೋಗ್ಬೇಕು, ವಾಪಸ್ ಇಲ್ಲ ಅಂತ? ಎತ್ಕೊಳ್ಳಿ."

ಕಣಿವೆಯವರು ಹುಲ್ಲಿನ ಅಂಚಿನಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. "ನೀವೂ ನಿಗೊರಿಬೆಗಳೇ ಅಲ್ವಾ?" ಎಂದು ಕನ್ಸಾಕು ಅವರು ಅವರನ್ನು ಕೇಳಿದರು.

"ಹೌದಪ್ಪ," ಎಂದ ಹೊಸಮನೆಯಾತ. "ಆದ್ರೆ ಬೇರೆ ಮನೆ."

ಈಗ ತೊಮೆ ಅಜ್ಜಿಗೇ ಪಾಪ ಅನ್ನಿಸಿತೋ ಏನೋ, ಪುರೋಹಿತನ ಪಕ್ಕೆಗೆ ಮೊಳಕೈಯಿಂದ ತಿವಿದಳು. ಅವನು ಮೊಹರು ಬಿದ್ದ ಕಾಗದವನ್ನು ಕನ್ಸಾಕು ಅವರ ಕೈಗೆ ಕೊಟ್ಟು, ಆಕಾಶ ನೋಡುತ್ತಾ ಹೇಳಿದ: "ನನ್ನ ಕಣ್ಣು ಅಷ್ಟು ಚೆನ್ನಾಗಿಲ್ಲ. ಗಾಳಿ ಬೇರೆ ಜೋರಾಗಿದೆ. ಕಾಗದ ಹರಿದು ಹಾರಿಹೋದ್ರೆ ನಾನು ನೋಡಿಲ್ಲ, ಇವರೂ ಯಾರೂ ನೋಡಿಲ್ಲ. ನಾಳೆ ಸಂಜೆಗೆ ಎಲ್ಲ ತಾನಾಗೇ ಮುಗಿಯುತ್ತೆ."

"ಹರೀರಿ ಬೀಗರೇ, ಬೇಗ," ಎಂದರು ಸಾತೋ ಅವರು. "ಹರಿದ್ರೆ ಹುಡುಗ ನಿಗೊರಿಬೆ ಆಗ್ತಾನೆ. ನಾನು ಮಾತು ಕೊಡ್ತೀನಿ."

ಹಿರೋಮು ಜೋರಾಗಿ ತಲೆಯಾಡಿಸಿದ. ಕಾಗದ ಹರಿದರೆ ಹೆಸರು ಉಳಿಯುತ್ತದೆ, ಅಳಿಯ ಬರುತ್ತಾನೆ, ನಕಾಶೆಯ ಮೇಲೆ ಹೊಸ ಪಿನ್ನು ಏರುತ್ತದೆ. ಇದಕ್ಕಿಂತ ಸುಲಭದ ವ್ಯವಹಾರ ಕನ್ಸಾಕು ಅವರ ಬದುಕಿನಲ್ಲಿ ಬಂದಿರಲಿಲ್ಲ. ಅವರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದರು.

ಹರಿಯುವ ಮೊದಲು ಅವರು ಅದನ್ನು ಓದಿದರು. ಬದುಕಿನಲ್ಲಿ ಮೊದಲ ಸಲ, ಮೇಲಿನಿಂದ ಕೆಳಗಿನವರೆಗೆ ಪೂರ್ತಿ. ಸತ್ತವರ ಮೂವತ್ತೇಳು ಹೆಸರುಗಳು. ಕೆಲವರಿಗೆ ವಯಸ್ಸಿತ್ತು, ಕೆಲವರಿಗೆ 'ಗೊತ್ತಿಲ್ಲ' ಎಂದಿತ್ತು. ಒಂಬತ್ತನೆಯ ಸಾಲಿನಲ್ಲಿ 'ಹೆಣ್ಣುಮಗು, ನಾಲ್ಕು ದಿನ' ಎಂದಿತ್ತು.

"ಈ ಮಗು ಯಾವ ಕಲ್ಲು?" ಎಂದು ಕೇಳಿದರು.

"ಆ ಹುಲ್ಲಿನೊಳಗೆ ಎಲ್ಲೋ ಇರಬೇಕು," ಎಂದ ಪುರೋಹಿತ. "ಚಿಕ್ಕದು."

ಕನ್ಸಾಕು ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಇಟ್ಟರು. ಕೋಟು ಬಿಚ್ಚಿ ಹಲಗೆಗೆ ನೇತುಹಾಕಿದರು. ತೋಳು ಮಡಚಿ, ಮೊಣಕಾಲೂರಿ ಕೂತು, ಬರಿಗೈಯಲ್ಲಿ ಹುಲ್ಲು ಹಿಡಿದು ಎಳೆದರು. ಬುಡ ಗಟ್ಟಿಯಾಗಿತ್ತು, ಬರಲಿಲ್ಲ. ಮತ್ತೆ ಎಳೆದರು. ಬೇರು ಒಮ್ಮೆಲೇ ಕಿತ್ತುಬಂದು, ಕಪ್ಪು ಪ್ಯಾಂಟಿನಲ್ಲೇ ಹಿಂದಕ್ಕೆ ಕುಕ್ಕರಿಸಿದರು. ಯಾರೂ ನಗಲಿಲ್ಲ.

ಕೆಳಗಿನ ದಾರಿಯಿಂದ ಬಸ್ಸಿನ ಹಾರನ್ನು ಎರಡು ಸಲ ಕೇಳಿಸಿತು. ಅವತ್ತಿಗೆ ಅದೇ ಕೊನೆಯ ಬಸ್ಸು. ಸಾತೋ ಅವರು ಗಡಿಯಾರ ನೋಡಿಕೊಂಡರು. ಕಣಿವೆಯವರು ಒಬ್ಬೊಬ್ಬರಾಗಿ ಚಪ್ಪಲಿಯ ಮಣ್ಣು ಕೊಡವಿಕೊಳ್ಳತೊಡಗಿದರು.

ಕನ್ಸಾಕು ಅವರು ಕೈಯ ಮಣ್ಣನ್ನು ಅಂಗಿಗೆ ಒರೆಸಿಕೊಂಡು ಎಲ್ಲರ ಕಡೆ ನೋಡಿದರು.

"ಮುಂದಿನ ಭಾನುವಾರ ಮತ್ತೆ ಬರ್ತೀನಿ. ಯಾರಾದ್ರೂ ಒಬ್ಬರು ನನ್ನ ಜೊತೆ ಬನ್ನಿ."